ಎಲ್ಲರನ್ನೂ ಕರೆಯಬೇಡಿ, ಮೊದಲು ಆ ಒಬ್ಬರ ಜೊತೆ ಮಾತಾಡಿ

ಪ್ರಶ್ನೆ: ನಾವಿರುವ ಅಪಾರ್ಟ್‌ಮೆಂಟಿನಲ್ಲಿ 48 ಮನೆಗಳಿವೆ, ನಾನು ನಿವಾಸಿಗಳ ಸಂಘದ ಕಾರ್ಯದರ್ಶಿ. ಕಳೆದ ಚುನಾವಣೆಯ ಹೊತ್ತಿಗೆ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುರುವಾದ ಜಗಳ ಇನ್ನೂ ತಣ್ಣಗಾಗಿಲ್ಲ. ಎದುರುಮನೆಯವರು ನನ್ನ ಬಹುಕಾಲದ ಗೆಳತಿ. ಅವರ ಪಕ್ಷ ಬೇರೆ, ನನ್ನದು ಬೇರೆ. ಒಂದು ರಾತ್ರಿ ಸಿಟ್ಟಿನಲ್ಲಿ ‘ನಿಮ್ಮಂಥವರಿಂದಲೇ ದೇಶ ಈ ಗತಿಗೆ ಬಂದಿದ್ದು’ ಎಂದು ಎಲ್ಲರೆದುರು ಬರೆದುಬಿಟ್ಟೆ. ಅವರು ಗುಂಪು ಬಿಟ್ಟರು, ನನ್ನ ಜೊತೆ ಮಾತೂ ಬಿಟ್ಟರು. ಅವರ ಹಿಂದೆಯೇ ಇನ್ನೂ ಕೆಲವರು ಹೊರನಡೆದರು. ಈಗ ನೀರಿನ ಟ್ಯಾಂಕ್ ತೊಳೆಸುವ ವಿಷಯಕ್ಕೂ ಎರಡು ಬಣ. ಒಂದು ಭಾನುವಾರ ಎಲ್ಲರನ್ನೂ ಹಾಲ್‌ಗೆ ಕರೆದು ಮನಬಿಚ್ಚಿ ಮಾತಾಡಿಸೋಣ ಅಂದುಕೊಂಡಿದ್ದೇನೆ. ‘ಇದ್ದದ್ದೂ ಕೆಡುತ್ತದೆ, ಸುಮ್ಮನಿರು’ ಅನ್ನುತ್ತಾರೆ ನನ್ನ ಗಂಡ. ನನಗೇ ಒಂದು ನಿಲುವು ಇರುವಾಗ ನಾನು ಮುಂದೆ ನಿಂತು ಇದನ್ನು ನಡೆಸುವುದು ಸರಿಯೇ? ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ

ಉತ್ತರ: ಭಾನುವಾರದ ಸಭೆಯನ್ನು ಕೈಬಿಡಿ. ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ನಿಜವಿದೆ. ಅಷ್ಟು ಜನರ ಮುಂದೆ ಈ ವಿಷಯ ತೆಗೆದರೆ ಇದ್ದದ್ದೂ ಕೆಡುತ್ತದೆ. ಸುಮ್ಮನಿದ್ದರೆ ಸರಿಹೋಗುತ್ತದೆ ಎಂಬ ಉಳಿದರ್ಧವನ್ನು ಮಾತ್ರ ನಾವು ಒಪ್ಪುವುದಿಲ್ಲ.

ಕೇಳುವ ಜನ ಸುತ್ತ ಇದ್ದಾಗ ಯಾರೂ ಎದುರಿನವರ ಜೊತೆ ಮಾತಾಡುವುದಿಲ್ಲ, ತಮ್ಮ ಕಡೆಯವರಿಗೆ ಕೇಳಿಸಲೆಂದು ಮಾತಾಡುತ್ತಾರೆ. ‘ಅದೂ ಸರಿಯೇ’ ಎಂದು ಒಂದು ಹೆಜ್ಜೆ ಹಿಂದೆ ಸರಿದರೂ ನಮ್ಮವರು ಏನಂದುಕೊಂಡಾರು ಎಂಬ ಅಳುಕು. ನಿಮ್ಮ ಗುಂಪಿನಲ್ಲಿ ಆಗಿದ್ದೂ ಇದೇ. ಆ ವಾಕ್ಯವನ್ನು ಮೆಟ್ಟಿಲ ಬಳಿ ನೀವಿಬ್ಬರೇ ನಿಂತಿದ್ದಾಗ ಹೇಳುತ್ತಿದ್ದಿರಾ? ಲೆಕ್ಕವೂ ನಿಮಗೆ ವಿರುದ್ಧವಾಗಿದೆ. ಒಂದೂವರೆ ಗಂಟೆಯನ್ನು 48 ಮನೆಗಳಿಗೆ ಹಂಚಿದರೆ ತಲಾ ಎರಡು ನಿಮಿಷವೂ ಬರುವುದಿಲ್ಲ. ಆ ಹೊತ್ತನ್ನು ಗಟ್ಟಿ ಗಂಟಲಿನ ನಾಲ್ಕೈದು ಮಂದಿ ಬಾಚಿಕೊಳ್ಳುತ್ತಾರೆ. ಯಾವ ಕಡೆಗೂ ಅಷ್ಟೇನೂ ಕಟ್ಟಾ ಅಲ್ಲದವರು ಬಾಯಿ ತೆರೆಯದೆ ಮನೆಗೆ ಹೋಗುತ್ತಾರೆ.

ಮೊದಲ ಕೆಲಸ ಗೆಳತಿಯದು. ನೇರವಾಗಿ ಬಾಗಿಲು ತಟ್ಟಬೇಡಿ. ಹೊಸ್ತಿಲಲ್ಲಿ ನಿಂತವರನ್ನು ನೋಡಿ ಅವರು ಬಲವಂತಕ್ಕೆ ನಗಬೇಕಾಗುತ್ತದೆ, ಇಲ್ಲವೇ ಮತ್ತೆ ಜಗಳಕ್ಕೆ ನಿಲ್ಲಬೇಕಾಗುತ್ತದೆ. ಯೋಚಿಸಲು ಅವರಿಗೆ ಸಮಯ ಸಿಗುವಂತೆ ಒಂದು ಚಿಕ್ಕ ಸಂದೇಶ ಕಳಿಸಿ: ‘ಆವತ್ತು ಗುಂಪಿನಲ್ಲಿ ನಾನು ನಿಮಗೆ ಬರೆದದ್ದು ತಪ್ಪು. ನಿಮ್ಮನ್ನು ಇಷ್ಟು ವರ್ಷ ಬಲ್ಲ ನಾನು ಹಾಗೆ ಬರೆಯಬಾರದಿತ್ತು. ಎಲ್ಲರೆದುರು ಬರೆದದ್ದರಿಂದ ಗುಂಪಿನಲ್ಲೂ ಕ್ಷಮೆ ಕೇಳಬೇಕೆಂದಿದ್ದೇನೆ. ನಿಮಗೆ ಅದು ಬೇಡವಾದರೆ ಹೇಳಿ.’ ಇಷ್ಟೇ ಸಾಕು. ‘ನಿಮಗೆ ಬೇಜಾರಾಗಿದ್ದರೆ’ ಎಂದು ಬರೆದರೆ ತಪ್ಪು ಅವರ ಮನಸ್ಸಿನದು ಅಂದಂತಾಗುತ್ತದೆ. ‘ಆದರೆ ನೀವೂ…’ ಎಂದು ಮುಂದುವರಿಸಿದರೆ ಕ್ಷಮೆ ಅಲ್ಲಿಗೇ ಸತ್ತಂತೆ. ನಿಮ್ಮ ರಾಜಕೀಯ ನಿಲುವಿಗಾಗಿ ನೀವು ಕ್ಷಮೆ ಕೇಳುತ್ತಿಲ್ಲ, ‘ನಿಮ್ಮಂಥವರು’ ಎಂದದ್ದಕ್ಕೆ ಕೇಳುತ್ತಿದ್ದೀರಿ. ಈ ಎರಡನ್ನು ನಿಮ್ಮ ಮನಸ್ಸಿನಲ್ಲೇ ಮೊದಲು ಬೇರೆ ಮಾಡಿಕೊಳ್ಳಿ. ಇಲ್ಲವಾದರೆ ಅವರು ಒಂದು ಮಾತು ತಿರುಗಿ ಹೇಳಿದ ಕೂಡಲೇ ನೀವು ಮತ್ತೆ ವಾದಕ್ಕಿಳಿಯುತ್ತೀರಿ. ಅವರು ಒಪ್ಪಿ ಭೇಟಿಯಾದರೆ, ಆ ಮೊದಲ ಭೇಟಿಯಲ್ಲಿ ಚುನಾವಣೆಯ ಮಾತೇ ಬೇಡ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಿಮಗೊಂದು ನಿಲುವಿದೆ, ಅದು ಎಲ್ಲರಿಗೂ ಗೊತ್ತು. ತಟಸ್ಥರಂತೆ ಕೂತರೆ ಯಾರೂ ನಂಬುವುದಿಲ್ಲ, ನಂಬುವ ಅಗತ್ಯವೂ ಇಲ್ಲ. ಅಮೆರಿಕದಲ್ಲಿ ಎಡ ಒಲವಿನ ‘ಮೂವ್‌ಆನ್’ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾದ ಜೋನ್ ಬ್ಲೇಡ್ಸ್ 2010ರಲ್ಲಿ ‘ಲಿವಿಂಗ್ ರೂಮ್ ಕಾನ್ವರ್ಸೇಷನ್ಸ್’ ಎಂಬ ಪ್ರಯತ್ನ ಶುರುಮಾಡಿದರು. ಅವರು ಹಿಡಿದ ದಾರಿ ಸರಳ: ಬೇರೆ ಬೇರೆ ನಿಲುವಿನ ಇಬ್ಬರು ಸೇರಿ ಕರೆಯುವುದು, ಒಬ್ಬೊಬ್ಬರೂ ಇಬ್ಬಿಬ್ಬರನ್ನು ಕರೆತರುವುದು, ಒಟ್ಟು ಆರು ಜನ ಒಂದು ಕೋಣೆಯಲ್ಲಿ ಕೂರುವುದು. ಕರೆದವರು ಇಬ್ಬರಾದ್ದರಿಂದ ‘ಇದು ಅವರ ಕಡೆಯ ಹುನ್ನಾರ’ ಎಂಬ ಅನುಮಾನಕ್ಕೆ ಜಾಗವಿರುವುದಿಲ್ಲ. ನಿಮಗೂ ಹೀಗೊಬ್ಬ ಜೊತೆಗಾರರು ಬೇಕು, ಅದಕ್ಕೆ ನಿಮ್ಮ ಗೆಳತಿಗಿಂತ ಸರಿಯಾದವರು ಯಾರೂ ಇಲ್ಲ. ಜಗಳವಾಡಿದ ಇಬ್ಬರೇ ಒಟ್ಟಾಗಿ ಕರೆದರೆ ಆ ಕರೆಗೊಂದು ತೂಕ ಬರುತ್ತದೆ. ಅವರು ಒಲ್ಲೆ ಅಂದರೆ ಆ ಕಡೆಯ ಇನ್ನೊಬ್ಬರನ್ನು ಹುಡುಕಿ. ಸಾಮಾನ್ಯವಾಗಿ ಎಡವುವುದು ಈ ಹುಡುಕಾಟದಲ್ಲೇ. ನಿಮ್ಮ ಮಾತಿಗೆ ಬೇಗ ತಲೆದೂಗುವ ಮೆದು ಮನುಷ್ಯರು ಬೇಡ, ಅವರ ಮಾತಿಗೆ ಅವರ ಕಡೆಯಲ್ಲೇ ಬೆಲೆ ಇರುವುದಿಲ್ಲ. ತಮ್ಮವರು ನಂಬುವ, ಆದರೆ ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯಬಲ್ಲ ವ್ಯಕ್ತಿ ಬೇಕು.

ಆರು ಜನರಲ್ಲಿ ಮೂರು-ಮೂರು ಸಮ ಇರಲೇಬೇಕು. ಒಂದು ಕಡೆ ನಾಲ್ವರು, ಇನ್ನೊಂದು ಕಡೆ ಇಬ್ಬರಾದರೆ ಆ ಇಬ್ಬರು ಇಡೀ ಪಕ್ಷದ ಪರವಾಗಿ ಜವಾಬು ಕೊಡುತ್ತಾ ಕೂರಬೇಕಾಗುತ್ತದೆ. ಗಂಡ-ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕರೆಯಬೇಡಿ, ಒಬ್ಬರು ಮಾತಾಡಿದರೆ ಇನ್ನೊಬ್ಬರು ಸುಮ್ಮನಾಗುವುದೇ ಹೆಚ್ಚು. ಹಾಗಾಗಿ ಮೊದಲ ಸಲ ನಿಮ್ಮ ಯಜಮಾನರೂ ಬೇಡ. ಗುಂಪಿನಲ್ಲಿ ಬೆಂಕಿ ಹಚ್ಚಿದ ಆ ಒಬ್ಬಿಬ್ಬರನ್ನು ಎರಡನೆಯ ಅಥವಾ ಮೂರನೆಯ ಬಾರಿಗೆ ಇಟ್ಟುಕೊಳ್ಳಿ. ಕರೆಯುವಾಗ ಮುಚ್ಚುಮರೆ ಮಾಡದೆ ಹೇಳಿ: ‘ಎರಡೂ ಕಡೆಯವರು ಮೂರು-ಮೂರು ಜನ ಎರಡು ಗಂಟೆ ಕೂರುತ್ತೇವೆ. ಯಾರನ್ನೂ ಒಪ್ಪಿಸಲು ಅಲ್ಲ, ಯಾಕೆ ಹೀಗೆ ಯೋಚಿಸುತ್ತೀರಿ ಎಂದು ಕೇಳಿಸಿಕೊಳ್ಳಲು.’ ವಿಷಯ ಮುಚ್ಚಿಟ್ಟು ಕರೆತಂದರೆ ಬಂದವರಿಗೆ ಬಲೆಗೆ ಬಿದ್ದಂತೆ ಅನಿಸುತ್ತದೆ.

ಎರಡು ಗಂಟೆಯಲ್ಲಿ ಮೊದಲ ಹತ್ತು ನಿಮಿಷ ಒಪ್ಪಂದಕ್ಕೆ: ರೆಕಾರ್ಡ್ ಮಾಡುವುದಿಲ್ಲ, ಫೋಟೊ ತೆಗೆಯುವುದಿಲ್ಲ, ಇಲ್ಲಿ ಯಾರು ಏನಂದರೆಂದು ಹೊರಗೆ ಹೇಳುವುದಿಲ್ಲ, ಫೋನ್ ಬ್ಯಾಗಿನಲ್ಲಿ. ‘ನೀವುಗಳು’, ‘ಅವರೆಲ್ಲ’ ಬಿಟ್ಟು ‘ನಾನು’ ಎಂದು ಮಾತಾಡುತ್ತೇವೆ. ಇದನ್ನು ಓದಿ ಹೇಳಿದರೆ ಸಾಲದು, ಒಬ್ಬೊಬ್ಬರೂ ಬಾಯಿಬಿಟ್ಟು ‘ಸರಿ’ ಅನ್ನಬೇಕು. ಆಮೇಲೆ ಮೂರು ಪ್ರಶ್ನೆ. ಪ್ರತಿಯೊಂದಕ್ಕೂ ಸರದಿಯಂತೆ ತಲಾ ಮೂರು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಎಲ್ಲರಿಗೂ ಕಾಣುವ ಕಡೆ ಗಡಿಯಾರವಿರಲಿ. ಒಂದು ಸುತ್ತಿಗೆ ಹದಿನೆಂಟು ನಿಮಿಷ ಹಿಡಿಯುತ್ತದೆ, ಅದರ ಬೆನ್ನಿಗೆ ಹತ್ತು ನಿಮಿಷ ಒಬ್ಬರನ್ನೊಬ್ಬರು ಕೇಳಲು ಬಿಡಿ. ಉಳಿದ ಹೊತ್ತು ಕೊನೆಯ ಮಾತಿಗೆ ಸಾಕು.

ಪ್ರಶ್ನೆಗಳನ್ನು ಆರಿಸುವುದರಲ್ಲೇ ಅರ್ಧ ಯಶಸ್ಸಿದೆ. ‘ಆ ಪಕ್ಷಕ್ಕೆ ಯಾಕೆ ಮತ ಹಾಕಿದಿರಿ?’ ಎಂದು ಕೇಳಿದರೆ ಟಿವಿಯಲ್ಲಿ ಕೇಳಿದ ವಾದವೇ ತಿರುಗಿ ಬರುತ್ತದೆ. ‘ನಿಮ್ಮ ಬದುಕಿನಲ್ಲಿ ಏನೇನು ನಡೆದು ಈ ನಿಲುವು ಮೂಡಿತು?’ ಎಂದು ಕೇಳಿದರೆ ಮನುಷ್ಯ ಮಾತಾಡುತ್ತಾನೆ. ಎರಡನೆಯದು: ‘ನಿಮ್ಮ ಕಡೆಯವರ ಬಗ್ಗೆ ಆ ಕಡೆಯವರು ತಪ್ಪಾಗಿ ತಿಳಿದಿರುವುದೇನು? ಅದರಲ್ಲಿ ಎಳ್ಳಷ್ಟು ನಿಜವೂ ಇದೆಯೇ?’ 2016ರ ಅಮೆರಿಕದ ಚುನಾವಣೆಯ ಬೆನ್ನಲ್ಲೇ ಹುಟ್ಟಿದ ‘ಬ್ರೇವರ್ ಏಂಜಲ್ಸ್’ ಸಂಘಟನೆ ತನ್ನ ಕಮ್ಮಟಗಳಲ್ಲಿ ಕೇಳಿಸುವುದು ಇದನ್ನೇ. ಕಮ್ಮಟದ ಕ್ರಮ ರೂಪಿಸಿದ ಬಿಲ್ ಡೋಹರ್ಟಿ ಕುಟುಂಬ ಚಿಕಿತ್ಸಕರು, ಮುರಿಯುವ ಹಂತದ ದಾಂಪತ್ಯಗಳ ಜೊತೆ ಕೆಲಸ ಮಾಡಿದವರು. ಮೂರನೆಯದು: ‘ನಿಮ್ಮ ಪಕ್ಷದಲ್ಲೇ ನಿಮಗೆ ಕಸಿವಿಸಿ ತರುವುದು ಯಾವುದು?’ ಇದನ್ನು ಮೊದಲಿಗೆ ಕೇಳಬೇಡಿ, ನಂಬಿಕೆ ಹುಟ್ಟುವ ಮೊದಲು ಯಾರೂ ತಮ್ಮ ಮನೆಯ ತೂತು ತೋರಿಸುವುದಿಲ್ಲ.

ಅನುಭವದ ಮಾತಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಯಾಮಿಯಲ್ಲಿ ಮನೆಬಾಗಿಲಲ್ಲಿ ನಡೆದ ಸುಮಾರು ಹತ್ತು ನಿಮಿಷದ ಮಾತುಕತೆಯಿಂದ ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹ ಕಡಿಮೆಯಾದದ್ದು ಕಂಡುಬಂತು. ಆ ಪರಿಣಾಮ ಕನಿಷ್ಠ ಮೂರು ತಿಂಗಳು ಉಳಿದಿತ್ತು. 2020ರಲ್ಲಿ ಅವರೇ ಮುಂದುವರಿಸಿದ ಪ್ರಯೋಗಗಳಲ್ಲಿ, ತೀರ್ಪು ಕೊಡದೆ ಪರಸ್ಪರ ಅನುಭವ ಹಂಚಿಕೊಂಡಾಗ ಮಾತ್ರ ಬದಲಾವಣೆ ಬಾಳಿತು. ಬರೀ ವಾದ ಮಂಡಿಸಿದ ಕಡೆ ಬಾಳಲಿಲ್ಲ.

ಕೇಳಿದ್ದನ್ನು ತಿರುಗಿ ಹೇಳುವ ಅಭ್ಯಾಸ ನಿಮ್ಮಿಬ್ಬರಿಗೂ ಇರಬೇಕು. ಒಬ್ಬರು, ‘ನಾವು ಏನಂದರೂ ದೇಶದ್ರೋಹ ಅನ್ನುತ್ತಾರೆ, ಮಾತಾಡುವುದನ್ನೇ ಬಿಟ್ಟಿದ್ದೇನೆ’ ಅಂದರೆಂದು ಇಟ್ಟುಕೊಳ್ಳಿ. ‘ಅಂದರೆ ನಾವೆಲ್ಲ ನಿಮ್ಮ ಬಾಯಿ ಮುಚ್ಚಿಸುತ್ತಿದ್ದೇವೆ ಅಂತೀರಾ?’ ಎನ್ನುವುದು ತಿರುಗಿ ಹೇಳುವುದಲ್ಲ, ತಿರುಗಿ ಹೊಡೆಯುವುದು. ‘ಟೀಕೆ ಮಾಡಿದರೆ ನಿಮ್ಮ ನಿಷ್ಠೆಯನ್ನೇ ಅನುಮಾನಿಸುತ್ತಾರೆ, ಅದಕ್ಕೇ ಸುಮ್ಮನಾಗಿದ್ದೀರಿ. ಸರಿಯಾಗಿ ಅರ್ಥ ಮಾಡಿಕೊಂಡೆನೇ?’ ಎಂದು ಕೇಳಿ. ಅವರು ‘ಹೌದು, ಅದೇ’ ಅನ್ನುವವರೆಗೆ ಉತ್ತರ ಕೊಡಲು ಹೋಗಬೇಡಿ. ‘ಅದಲ್ಲ’ ಅಂದರೆ ಮತ್ತೊಮ್ಮೆ ಪ್ರಯತ್ನಿಸಿ. ಆಚೆ ಕಡೆಯವರು, ‘ನಮ್ಮ ನಂಬಿಕೆಯನ್ನು ಹಳೆಯ ಕಾಲದ್ದೆಂದು ಹೀಗಳೆಯುತ್ತಾರೆ’ ಅಂದಾಗಲೂ ಇದೇ ಕ್ರಮ.

ಮಾತು ಹಳಿ ತಪ್ಪಿದಾಗ ತಡೆಯುವವರು ಯಾರು ಎಂದು ಮೊದಲೇ ನಿಮ್ಮಿಬ್ಬರಲ್ಲಿ ಗೊತ್ತುಮಾಡಿಕೊಳ್ಳಿ. ನಿಮ್ಮ ಕಡೆಯವರನ್ನು ನೀವು ತಡೆಯಿರಿ, ಅವರ ಕಡೆಯವರನ್ನು ಅವರು ತಡೆಯಲಿ. ಆ ಕಡೆಯವರನ್ನು ನೀವು ತಡೆದರೆ, ಮಾತು ಎಷ್ಟೇ ನಯವಾಗಿದ್ದರೂ ಅದು ದಾಳಿಯಾಗಿ ಕೇಳಿಸುತ್ತದೆ. ಯಾರಾದರೂ ಅಂಕಿಅಂಶ ಹುಡುಕಲು ಫೋನ್ ತೆಗೆದರೆ, ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ‘ಆಮೇಲೆ ಇಬ್ಬರೂ ಸೇರಿ ನೋಡೋಣ’ ಅನ್ನಿ. ಫೋನ್ ಹೊರಬಂದಿತೆಂದರೆ ಆರು ಜನರ ಮಾತು ಇಬ್ಬರ ಪಂದ್ಯವಾಗುತ್ತದೆ. ಚುಚ್ಚುಮಾತನ್ನು ತಮಾಷೆಯ ಹೊದಿಕೆಯಲ್ಲಿ ಆಡಿದರೂ ಬಿಡಬೇಡಿ. ‘ಈಗ ವಿಷಯ ಬಿಟ್ಟು ವ್ಯಕ್ತಿಯ ಮೇಲೆ ಹೋದೆವು, ಹಿಂದಕ್ಕೆ ಬರೋಣ’ ಅಂದರೆ ಸಾಕು.

ಒಂದು ಎಚ್ಚರ ಮುಖ್ಯ. ಹುಟ್ಟು, ಧರ್ಮ, ಜಾತಿಯ ಕಾರಣಕ್ಕೆ ಯಾರಿಗಾದರೂ ‘ಇಲ್ಲಿಂದ ಹೋಗಿ’ ಎಂಬ ಮಾತೋ ಬೆದರಿಕೆಯೋ ಬಂದಿದ್ದರೆ ಅದು ಅಭಿಪ್ರಾಯಭೇದವಲ್ಲ. ಅಂದವರ ಎದುರು ಅನಿಸಿಕೊಂಡವರನ್ನು ಕೂರಿಸಿ ‘ಮಾತಾಡಿಕೊಳ್ಳಿ’ ಅನ್ನುವುದು ಅನ್ಯಾಯ. ಅದನ್ನು ಕಾರ್ಯದರ್ಶಿಯಾಗಿ ಸಂಘದ ನಿಯಮದಂತೆ, ಅಗತ್ಯಬಿದ್ದರೆ ಪೊಲೀಸರ ಮೂಲಕ ನೋಡಿಕೊಳ್ಳಿ.

ಎಷ್ಟನ್ನು ನಿರೀಕ್ಷಿಸಬಹುದು? 1994ರ ಡಿಸೆಂಬರ್‌ನಲ್ಲಿ ಬಾಸ್ಟನ್ ಬಳಿಯ ಬ್ರೂಕ್‌ಲೈನ್‌ನಲ್ಲಿ ಗರ್ಭಪಾತ ಸೇವೆ ನೀಡುತ್ತಿದ್ದ ಎರಡು ಕ್ಲಿನಿಕ್‌ಗಳ ಮೇಲೆ ಗುಂಡಿನ ದಾಳಿಯಾಗಿ ಇಬ್ಬರು ಮಹಿಳೆಯರು ಸತ್ತರು. ಆಮೇಲೆ ಗರ್ಭಪಾತದ ಹಕ್ಕಿನ ಪರ ಮೂವರು, ವಿರೋಧ ಮೂವರು, ಹೀಗೆ ಆರು ನಾಯಕಿಯರು ಗುಟ್ಟಾಗಿ ಸೇರತೊಡಗಿದರು. ಮೊದಲು ಒಪ್ಪಿದ್ದು ನಾಲ್ಕು ಭೇಟಿಗೆ ಮಾತ್ರ, ಅದು ಐದು ವರ್ಷಕ್ಕೂ ಮೀರಿ ನಡೆಯಿತು. ಒಬ್ಬರ ಬಣವನ್ನು ಇನ್ನೊಬ್ಬರು ಯಾವ ಹೆಸರಿನಿಂದ ಕರೆಯಬೇಕು ಎಂಬುದಕ್ಕೇ ಅವರು ಹೆಣಗಬೇಕಾಯಿತು. 2001ರ ಜನವರಿಯಲ್ಲಿ ಆರೂ ಜನ ಸೇರಿ ಪತ್ರಿಕೆಯಲ್ಲಿ ಬರೆದಾಗ ಯಾರ ನಿಲುವೂ ಬದಲಾಗಿರಲಿಲ್ಲ, ಎದುರಿನವರ ಬಗ್ಗೆ ಆಡುವ ಭಾಷೆ ಮಾತ್ರ ಬದಲಾಗಿತ್ತು. ನಿಮ್ಮ ಅಪಾರ್ಟ್‌ಮೆಂಟಿಗೂ ಅಷ್ಟಾದರೆ ಅದು ದೊಡ್ಡದೇ. ಗೆಳತಿ ಮುಂದಿನ ಚುನಾವಣೆಯಲ್ಲಿ ನಿಮ್ಮ ಪಕ್ಷಕ್ಕೆ ಮತ ಹಾಕಿಯಾರು ಎಂಬ ಆಸೆ ಒಳಗೆಲ್ಲೋ ಇದ್ದರೆ ಈ ಕೆಲಸಕ್ಕೆ ಈಗಲೇ ಇಳಿಯಬೇಡಿ. ಅವರಿಗೆ ಅದು ಅರ್ಧ ಗಂಟೆಯಲ್ಲಿ ಗೊತ್ತಾಗಿಬಿಡುತ್ತದೆ.

ಮಾತುಕತೆಗೆ ಕಾಯದೆ ಈ ವಾರವೇ ಮಾಡಬಹುದಾದ್ದೂ ಇದೆ. ಸಂಘದ ಗುಂಪಿನಲ್ಲಿ ನೀರು, ಲಿಫ್ಟ್, ಭದ್ರತೆಯ ಸೂಚನೆಗಳು ಮಾತ್ರ ಇರಲಿ. ರಾಜಕೀಯದ ಫಾರ್ವರ್ಡ್‌ಗಳನ್ನು ಯಾವ ಪಕ್ಷದ್ದಾದರೂ ಅಡ್ಮಿನ್ ಅಳಿಸುತ್ತಾರೆ ಎಂದು ತಿಳಿಸಿ, ಮೊದಲು ನಿಮ್ಮ ಕಡೆಯವರದ್ದನ್ನೇ ಅಳಿಸಿ. ಟ್ಯಾಂಕ್ ಕೆಲಸವನ್ನು ಎರಡೂ ಬಣದ ಒಬ್ಬೊಬ್ಬರಿಗೆ ಜಂಟಿಯಾಗಿ ವಹಿಸಿ, ಮೂರು ಕಡೆ ದರಪಟ್ಟಿ ತರಿಸಿ ಇಬ್ಬರೂ ಸಹಿ ಹಾಕಿ ಸಭೆಗೆ ತರಲಿ. ಪೂರ್ವಗ್ರಹದ ಬಗ್ಗೆ 1954ರಷ್ಟು ಹಿಂದೆಯೇ ಬರೆದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್, ಬರೀ ಎದುರಾಬದುರಾದರೆ ಸಾಲದು, ಸಮಾನ ಸ್ಥಾನವೂ ಕೂಡಿ ದುಡಿಯುವ ಒಂದು ಗುರಿಯೂ ಬೇಕು ಎಂದಿದ್ದರು.

ಗೆಳತಿಯಿಂದ ಒಂದು ವಾರ ಉತ್ತರ ಬರದಿದ್ದರೆ ಮತ್ತೆ ಮತ್ತೆ ಸಂದೇಶ ಕಳಿಸಬೇಡಿ. ಗುಂಪಿನಲ್ಲಿ ಅವರ ಹೆಸರೆತ್ತದೆ ಎರಡು ಸಾಲು ಬರೆಯಿರಿ: ‘ಚುನಾವಣೆಯ ಸಮಯದಲ್ಲಿ ನಾನು ಇಲ್ಲಿ ಒಬ್ಬರನ್ನು ನೋಯಿಸುವಂತೆ ಬರೆದೆ. ಅದು ತಪ್ಪು, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.’ ಅದರ ಕೆಳಗೆ ಯಾರು ಏನೇ ಬರೆದರೂ ಉತ್ತರಿಸಬೇಡಿ. ಅವರು ಗುಂಪಿನಲ್ಲಿಲ್ಲದಿದ್ದರೂ ಸಂಜೆಯೊಳಗೆ ಯಾರಾದರೂ ಅವರಿಗೆ ತೋರಿಸಿರುತ್ತಾರೆ.