ಎಂಟು ಗಾಳದ ದೋಣಿಯನ್ನು ಅಣಿಗೊಳಿಸುವ ಬಗೆ

ಪ್ರಿಯ ಮಿತ್ರರೇ,

ಅಮೆರಿಕದ ಟೆನ್ನೆಸ್ಸಿ ರಾಜ್ಯದ ಮೆಂಫಿಸ್‌ಗೆ ಬಂದು ಎಂಟು ತಿಂಗಳಾಯಿತೆಂದೂ, ಕೆಲಸ ಹಿಡಿಸಿದರೂ ಶನಿವಾರ ಭಾನುವಾರಗಳನ್ನು ಕಳೆಯುವುದು ಕಷ್ಟವಾಗಿದೆಯೆಂದೂ ಬರೆದಿದ್ದೀರಿ. ಚಿಕ್ಕಂದಿನಲ್ಲಿ ತುಂಗಭದ್ರೆಯಲ್ಲಿ ಗಾಳ ಹಾಕಿದ ನೆನಪಿನಿಂದ 14 ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡಿರುವ ನೀವು, ಇಲ್ಲಿನವರಂತೆ ಒಮ್ಮೆಗೇ ಎಂಟು ಗಾಳ ಹೂಡಿ ಕ್ರಾಪಿ ಮೀನು ಹಿಡಿಯಲು ಅದನ್ನು ಹೇಗೆ ಸಜ್ಜುಗೊಳಿಸಬೇಕೆಂದು ಕೇಳಿದ್ದೀರಿ. ನಾನು ಈ ಊರಿಗೆ ಬಂದು 22 ವರ್ಷಗಳಾದವು. ಇಲ್ಲಿ ನನಗೆ ದೊರೆತ ಸ್ನೇಹಿತರಲ್ಲಿ ಹೆಚ್ಚಿನವರು ಕಚೇರಿಯಲ್ಲಿ ಸಿಕ್ಕವರಲ್ಲ, ದೋಣಿ ಇಳಿಸುವ ಇಳಿಜಾರಿನಲ್ಲಿ ಸಿಕ್ಕವರು. ಆದ್ದರಿಂದ ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು.

ಮೊದಲು ತೂಕದ ವಿಚಾರ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಇಲ್ಲಿನವರು ಸ್ಪೈಡರ್ ರಿಗ್ಗಿಂಗ್ ಎಂದು ಕರೆಯುವ ಈ ಪದ್ಧತಿಯಲ್ಲಿ ಇಬ್ಬರು ದೋಣಿಯ ಮುಂಭಾಗದಲ್ಲಿ ಅಕ್ಕಪಕ್ಕ ಕುಳಿತು, ಜೇಡನ ಕಾಲುಗಳಂತೆ ಕೋಲುಗಳನ್ನು ಮುಂದಕ್ಕೆ ಚಾಚಿ, ದೋಣಿಯನ್ನು ಮೆಲ್ಲಗೆ ಸಾಗಿಸುತ್ತಾರೆ. ಹಾಗೆ ಕುಳಿತಾಗ ಇಬ್ಬರ ಭಾರಕ್ಕೆ, ದೋಣಿಯನ್ನು ನಿಧಾನವಾಗಿ ನಡೆಸುವ ಚಿಕ್ಕ ವಿದ್ಯುತ್ ಮೋಟಾರಾದ ಟ್ರೋಲಿಂಗ್ ಮೋಟಾರಿನ ಭಾರವೂ ಸೇರಿ ದೋಣಿಯ ಮೂತಿ ನೀರಿಗೆ ಬಾಗುತ್ತದೆ. ನನ್ನ ಮೊದಲ ವರ್ಷ ತಂತಿ ಉಳಿಸುವ ಆಸೆಯಿಂದ ಬ್ಯಾಟರಿಯನ್ನೂ ಮುಂದೆಯೇ ಇಟ್ಟಿದ್ದೆ. ಮಧ್ಯಾಹ್ನ ಗಾಳಿ ಎದ್ದಾಗ ಅಲೆಯ ನೀರು ಅಂಚನ್ನು ದಾಟಿ ನಮ್ಮ ಪಾದದ ಮೇಲೆ ಹರಿಯಿತು, ಎಂಟೂ ದಾರಗಳು ಒಂದಕ್ಕೊಂದು ಹೆಣೆದುಕೊಂಡವು. ದಡಕ್ಕೆ ಮರಳಿದಾಗ ಅಲ್ಲಿದ್ದ ಹಿರಿಯರೊಬ್ಬರು ಬ್ಯಾಟರಿಯನ್ನೂ ಪೆಟ್ರೋಲ್ ಡಬ್ಬವನ್ನೂ ತಾವೇ ಎತ್ತಿ ಹಿಂಬದಿಗೆ ಇಟ್ಟು ತೋರಿಸಿದರು. ನೀವೂ ಹಾಗೆಯೇ ಇಡಿ. ದೋಣಿಗೆ ಅಂಟಿಸಿರುವ ಸಾಮರ್ಥ್ಯದ ಫಲಕದಲ್ಲಿ ಎಷ್ಟು ಜನ, ಎಷ್ಟು ಭಾರ ಎಂದು ಬರೆದಿರುತ್ತದೆ. ಆ ಮಿತಿಯನ್ನು ಮುಟ್ಟಲು ಹೋಗಬೇಡಿ.

ಬ್ಯಾಟರಿ ಹಿಂದೆ ಹೋದ ಮೇಲೆ ಮೋಟಾರಿನವರೆಗೆ ಉದ್ದದ ತಂತಿ ಬೇಕಾಗುತ್ತದೆ. ತಂತಿ ತೆಳುವಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ, ಆದ್ದರಿಂದ 6 ಗೇಜ್‌ನ ದಪ್ಪ ತಂತಿಯನ್ನು ಎಳೆದು, ಬ್ಯಾಟರಿಯ ಬಳಿಯಲ್ಲೇ ವಿದ್ಯುತ್ ಮಿತಿಮೀರಿದರೆ ತಾನೇ ಕಡಿದುಬಿಡುವ 60 ಆಂಪಿಯರ್‌ನ ಬ್ರೇಕರ್ ಹಾಕಿಸಿ. ನಿಮ್ಮ ಅಳತೆಯ ದೋಣಿಗೆ 55 ಪೌಂಡ್ ನೂಕುಬಲದ, 12 ವೋಲ್ಟ್‌ನ ಮೋಟಾರ್ ಸಾಕು. ಬ್ಯಾಟರಿ ಮಾತ್ರ ಡೀಪ್ ಸೈಕಲ್ ಜಾತಿಯದೇ ಆಗಿರಲಿ. ಕಾರಿನ ಬ್ಯಾಟರಿ ಒಂದು ಕ್ಷಣಕ್ಕೆ ದೊಡ್ಡ ಶಕ್ತಿ ಕೊಡಲು ಆದದ್ದು. ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಕೊಡುತ್ತಾ ಪೂರ್ತಿ ಬರಿದಾಗುವುದನ್ನು ಅದು ಹೆಚ್ಚು ಕಾಲ ತಾಳದು. ಅಂಗಡಿಯವರು ಎರಡೂ ಒಂದೇ ಎಂದು ಹೇಳಿ ಮಾರಿದ್ದನ್ನು ನಂಬಿ, ನಾನು ಒಂದು ಸಂಜೆ ಎರಡು ಮೈಲಿ ಹುಟ್ಟು ಹಾಕಿಕೊಂಡು ದಡ ಸೇರಿದ್ದೇನೆ.

ಇನ್ನು ಕೋಲುಗಳು. ಎಲ್ಲವೂ ಒಂದೇ ಉದ್ದದವಾಗಿರಲಿ, ನಿಮ್ಮ ದೋಣಿಗೆ 12 ಅಡಿ ಹಿತ. ಉದ್ದ ಬೇರೆಬೇರೆಯಾದರೆ ತುದಿಗಳು ಒಂದೇ ಸಾಲಿನಲ್ಲಿ ಕಾಣುವುದಿಲ್ಲ, ಮತ್ತು ಈ ಕಸುಬಿನಲ್ಲಿ ಕಣ್ಣು ಇರಬೇಕಾದದ್ದು ತುದಿಗಳ ಮೇಲೆಯೇ. ಅದಕ್ಕಾಗಿಯೇ ಕೋಲುಗಳನ್ನು ಹಿಡಿದಿಡುವ ಹೋಲ್ಡರ್‌ಗಳಿಗೆ ರಂಧ್ರ ಕೊರೆಯುವ ಮುನ್ನ ದೋಣಿಯನ್ನು ಅಂಗಳದಲ್ಲಿ ಟ್ರೈಲರಿನ ಮೇಲೆಯೇ ಇಟ್ಟು, ಕುರ್ಚಿಯಲ್ಲಿ ಕುಳಿತು, ಯಾರಾದರೊಬ್ಬರಿಂದ ಕೋಲುಗಳನ್ನು ಹಿಡಿಸಿ ನೋಡಿ. ಏಳದೆ, ಬಾಗದೆ ಎಲ್ಲ ಹಿಡಿಗಳೂ ಕೈಗೆ ಎಟುಕಬೇಕು. ತಲೆ ತಿರುಗಿಸದೆ ನಿಮ್ಮ ನಾಲ್ಕೂ ತುದಿಗಳು ಕಾಣಬೇಕು. ತುದಿಗಳು ನೀರಿನಿಂದ ಒಂದೆರಡು ಅಡಿಯಷ್ಟೇ ಮೇಲಿರಬೇಕು. ಜಾಗ ಖಚಿತವಾದ ಬಳಿಕವೇ ರಂಧ್ರ ಕೊರೆಯಿರಿ. ತೆಳುವಾದ ಅಲ್ಯೂಮಿನಿಯಂನಲ್ಲಿ ಬರಿಯ ಸ್ಕ್ರೂ ನಿಲ್ಲುವುದಿಲ್ಲ. ಆಚೆಗೆ ಹಾಯುವ ಬೋಲ್ಟ್ ಹಾಕಿ, ಒಳಬದಿಗೆ ಲೋಹದ ಪಟ್ಟಿ ಕೊಡಬೇಕು.

ಪ್ರತಿ ದಾರದ ತುದಿಗೆ ಒಂದು ಕೊಕ್ಕೆ, ಅದಕ್ಕಿಂತ ಒಂದೂವರೆ ಎರಡು ಅಡಿ ಮೇಲೆ ಇನ್ನೊಂದು, ನಡುವೆ ಅರ್ಧ ಔನ್ಸಿನ ಸೀಸದ ಗುಂಡು. ಎಂಟರಲ್ಲಿಯೂ ಸೀಸದ ತೂಕ ಒಂದೇ ಇರುವುದು ಮುಖ್ಯ, ಇಲ್ಲವಾದರೆ ಒಂದು ದಾರ ನೇರವಾಗಿ ಇಳಿದಿರುವಾಗ ಪಕ್ಕದ್ದು ಓರೆಯಾಗಿ ತೇಲಿಬಂದು ಸುತ್ತಿಕೊಳ್ಳುತ್ತದೆ. ಕೊಕ್ಕೆ ತೆಳು ತಂತಿಯದಿರಲಿ. ನೀರಿನಡಿಯ ಬೊಡ್ಡೆಗೆ ಸಿಕ್ಕಿದಾಗ ಎಳೆದರೆ ಅದು ತಾನೇ ನೆಟ್ಟಗಾಗಿ ಬಿಡಿಸಿಕೊಂಡು ಬರುತ್ತದೆ, ಮತ್ತೆ ಬಾಗಿಸಿಕೊಳ್ಳಬಹುದು. ಕೊಕ್ಕೆಗೆ ಸಿಕ್ಕಿಸಲು ಬದುಕಿರುವ ಮಿನೋ ಮರಿಮೀನೇ ನನ್ನ ಆಯ್ಕೆ. ಕ್ರಾಪಿ ತನಗಿಂತ ಮೇಲಿರುವ ಆಹಾರಕ್ಕೆ ಏರುತ್ತದೆಯೇ ಹೊರತು ಕೆಳಗಿಳಿದು ತಿನ್ನುವುದು ಅಪರೂಪ, ಆದ್ದರಿಂದ ನೀರಿನೊಳಗಿನ ಮೀನನ್ನು ಶಬ್ದದ ಅಲೆಯಿಂದ ತೋರಿಸುವ ಸೋನಾರ್‌ನಲ್ಲಿ ಮೀನು 10 ಅಡಿ ಆಳದಲ್ಲಿ ಕಂಡರೆ ಗಾಳವನ್ನು 9 ಅಡಿಗೆ ನಿಲ್ಲಿಸಿ. ಕಚ್ಚಿದಾಗ ನಮ್ಮೂರಿನಲ್ಲಿ ಮಾಡುವಂತೆ ಜಗ್ಗನೆ ಎಳೆಯಬೇಡಿ. ಇದರ ಬಾಯಿಯ ಚರ್ಮ ಕಾಗದದಷ್ಟು ತೆಳು, ಹರಿದುಹೋಗುತ್ತದೆ. ಕೋಲನ್ನು ನಿಧಾನವಾಗಿ ಎತ್ತಿ, ಉದ್ದ ಹಿಡಿಯ ಬಲೆಯನ್ನು ಕೆಳಗೆ ಕೊಡಿ.

ವೇಗ ಗಂಟೆಗೆ ಅರ್ಧ ಮೈಲಿಯ ಆಸುಪಾಸು ಇರಲಿ, ಮೂತಿ ಗಾಳಿಗೆ ಎದುರಾಗಿರಲಿ. ವೇಗ ತಡೆಯಲು ಹಿಂದಿನಿಂದ ಸರಪಳಿ ಇಳಿಬಿಡುವವರೂ ಇದ್ದಾರೆ, ಆದರೆ ಬೊಡ್ಡೆಗಳಿರುವ ನೀರಿನಲ್ಲಿ ನನಗೆ ಅದು ಒಪ್ಪಿಗೆಯಾಗಿಲ್ಲ.

ಬೊಡ್ಡೆಗಳ ಮಾತು ಬಂದದ್ದರಿಂದ ಜಾಗವನ್ನೂ ಹೇಳಿಬಿಡುತ್ತೇನೆ. ನಿಮಗೆ ಐ-55 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 100 ಮೈಲಿ ದೂರದ, ಮಿಸಿಸಿಪ್ಪಿ ರಾಜ್ಯದ ಗ್ರೆನಾಡಾ ಸರೋವರ ಸೂಕ್ತ. ದಾರಿಯಲ್ಲಿ ಸಿಗುವ ಈನಿಡ್ ಸರೋವರದಲ್ಲಿಯೇ 1957ರಲ್ಲಿ 5 ಪೌಂಡ್ 3 ಔನ್ಸ್ ತೂಗಿದ, ವಿಶ್ವದಾಖಲೆಯ ಬಿಳಿ ಕ್ರಾಪಿ ಸಿಕ್ಕಿತು. ಇವೆಲ್ಲ ಪ್ರವಾಹ ತಡೆಯಲು ಕಟ್ಟಿದ ಅಣೆಕಟ್ಟುಗಳ ಹಿನ್ನೀರು. ಶರಾವತಿಯ ಹಿನ್ನೀರಿನಲ್ಲಿ ಬೇಸಗೆಗೆ ಮುಳುಗಿದ ಮರಗಳು ತಲೆಯೆತ್ತುವುದನ್ನು ನೋಡಿದ್ದೀರಲ್ಲವೇ? ಇಲ್ಲಿ ಅದು ಚಳಿಗಾಲದಲ್ಲಿ ಆಗುತ್ತದೆ, ಏಕೆಂದರೆ ವಸಂತದ ಮಳೆಗೆ ಜಾಗ ಮಾಡಲು ಆಗ ನೀರನ್ನು ಇಳಿಸಿರುತ್ತಾರೆ. ಜನವರಿಯಲ್ಲಿ ಒಮ್ಮೆ ಬರಿಗೈಯಲ್ಲಿ ಹೋಗಿ, ಬೊಡ್ಡೆಗಳೂ ಹಳ್ಳದ ಕೊರಕಲುಗಳೂ ಎಲ್ಲಿವೆಯೆಂದು ಫೋನಿನಲ್ಲಿ ಗುರುತು ಹಾಕಿಕೊಂಡು ಬನ್ನಿ. ನೀರು ಏರಿದ ಮೇಲೆ ಮೀನು ಇರುವುದೂ ಅಲ್ಲೇ, ಮೋಟಾರಿನ ರೆಕ್ಕೆ ಮುರಿಯುವುದೂ ಅಲ್ಲೇ.

ಕಾನೂನನ್ನು ಚಿಕ್ಕದಾಗಿ ಹೇಳುತ್ತೇನೆ. ನೀವು ಟೆನ್ನೆಸ್ಸಿಯವರಾದ್ದರಿಂದ ಮಿಸಿಸಿಪ್ಪಿಯಲ್ಲಿ ಹೊರರಾಜ್ಯದವರ ಪರವಾನಗಿ ಬೇಕು. ಒಬ್ಬರಿಗೆ ಎಷ್ಟು ಕೋಲು, ಎಷ್ಟು ಮೀನು, ಎಷ್ಟು ಅಂಗುಲ ಎಂಬುದು ಸರೋವರದಿಂದ ಸರೋವರಕ್ಕೆ ಬೇರೆಯಾಗುತ್ತದೆ, ಬದಲಾಗುತ್ತಲೂ ಇರುತ್ತದೆ. ಪ್ರತಿ ವರ್ಷ ಓದಿಕೊಳ್ಳಿ. 2021ರ ಏಪ್ರಿಲ್ 1ರಿಂದ ಇಂಥ ದೋಣಿಯನ್ನು ವೇಗವಾಗಿ ಓಡಿಸುವಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳುವುದು ಕಡ್ಡಾಯ. ಜೀವರಕ್ಷಕ ಅಂಗಿಯನ್ನು ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ತೊಟ್ಟುಕೊಳ್ಳಿ. ಮಾರ್ಚ್‌ನ ನೀರು ನಮ್ಮ ಊಹೆಗೆ ಮೀರಿ ತಣ್ಣಗಿರುತ್ತದೆ, ಚೆನ್ನಾಗಿ ಈಜು ಬಲ್ಲವರ ಕೈಕಾಲುಗಳೂ ಅದರಲ್ಲಿ ಬೇಗ ಸೋಲುತ್ತವೆ. ಮನೆಯಲ್ಲಿ ಕಾಯುವವರಿಗೆ ಯಾವ ದಡದಿಂದ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಹೇಳಿಯೇ ಹೊರಡಿ.

ಹೋಲ್ಡರ್‌ಗಳನ್ನು ಎಂಟಕ್ಕೆ ಕೂರಿಸಿದರೂ ಮೊದಲ ಕೆಲವು ಸಲ ಇಬ್ಬರೂ ಸೇರಿ ನಾಲ್ಕೇ ಕೋಲು ಹಾಕಿ. ಜೊತೆಗೆ ಯಾರೂ ಇಲ್ಲವೆಂದು ಬರೆದಿದ್ದೀರಿ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಹೊತ್ತಿಗೆ ಕ್ರಾಪಿ ಮೊಟ್ಟೆಯಿಡಲು ದಡದತ್ತ ಬರುತ್ತದೆ; ಆ ವಾರದ ಶನಿವಾರ ನಸುಕಿನಲ್ಲಿ ನಾನು ನಿಮ್ಮ ದೋಣಿಗೇ ಬರುತ್ತೇನೆ, ಮರಿಮೀನಿನ ಬಕೆಟ್ ತರುವುದು ನನ್ನ ಪಾಲಿಗಿರಲಿ.