ಮಂಡ್ಯದಲ್ಲಿ ವಕೀಲಿಕೆ ಶುರು ಮಾಡುವವರು ಸಿವಿಲ್ ಹಿಡಿಯಬೇಕಾ, ಕ್ರಿಮಿನಲ್ಲಾ?

ಎಲ್‌ಎಲ್‌ಬಿ ಮುಗಿದ ಕೂಡಲೇ ತೀರ್ಮಾನ ಮಾಡಬೇಡಿ. ಮೊದಲು ಎರಡೂ ಬಗೆಯ ಕೇಸು ನೋಡುವ ಸೀನಿಯರ್ ಹತ್ತಿರ ಸೇರಿಕೊಳ್ಳಿ.

ಊರಲ್ಲೇ ನೆಲೆ ನಿಲ್ಲುವುದಾದರೆ ನನ್ನ ಓಟು ಸಿವಿಲ್‌ಗೆ, ಅದರಲ್ಲೂ ಜಮೀನಿನ ದಾವೆಗಳಿಗೆ. ಪಾಲಿನ ದಾವೆಯನ್ನೇ ನೋಡಿ: ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ಡ್ ವಿಭಾಗ ಪತ್ರ ಆಗಿದ್ದರೆ ಮಾತು ಬೇರೆ. ಕೇಸು ನಿಲ್ಲುವುದೂ ಬೀಳುವುದೂ ಇಂಥ ಕಾಗದದ ಮೇಲೆಯೇ ಅಲ್ವಾ? ಹಾಗಾಗಿ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ ದಾಖಲೆ), ವಂಶವೃಕ್ಷ ಓದುವುದನ್ನು ಚೆನ್ನಾಗಿ ಕಲಿಯಿರಿ.

ಕ್ರಿಮಿನಲ್ ಕಡೆ ಮನಸ್ಸಿದ್ದರೆ ಹಳೆಯ ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯನ್ನು ಈಗಿನಿಂದಲೇ ಓದಿ.