ದಿನಾ ಗ್ರೀಸ್ ಹೊಡೆದರೂ ಮೋಟಾರ್ ಬೇರಿಂಗ್ ಬಿಸಿ. ಬ್ಯಾಟರಿ ಗ್ರೀಸ್ ಗನ್ ತಗೊಳ್ಳಲಾ?

ತಗೋಬೇಡಿ. ರೈಸ್ ಮಿಲ್ಲಿಗೆ ಹೊಸದಾಗಿ ಸೇರಿದ್ದೀರಿ, ದಿನಾ ಬೆಳಿಗ್ಗೆ ಗ್ರೀಸ್ ಹೊಡೆಯುತ್ತೀರಿ, ಆದರೂ ಬ್ಲೋವರ್ ಮೋಟಾರಿನ ಬೇರಿಂಗ್ ಮೇಲೆ ಕೈ ಇಡೋಕೆ ಆಗಲ್ಲ. ಹಾಗಾಗಿ ಕೈ ಗನ್ ಗ್ರೀಸನ್ನು ಸರಿಯಾಗಿ ತಳ್ಳುತ್ತಿಲ್ಲ ಅಂತ ನಿಮ್ಮ ಅನುಮಾನ. ಓದಿ ಎದೆ ಧಸಕ್ ಅಂತು. ಗನ್ ಸರಿಯಾಗಿಯೇ ಇರಬಹುದು. ಆ 'ದಿನಾ ಬೆಳಿಗ್ಗೆ' ಅನ್ನೋದರ ಮೇಲೆ ನನಗೆ ಅನುಮಾನ.

ನಾನು ಕಾರಟಗಿ ಕಡೆಯವನು. ಮೊದಲು ಸಂಡೂರಿನ ಮೈನ್ಸ್‌ನಲ್ಲಿ ಎಕ್ಸ್‌ಕವೇಟರ್ ಹೆಲ್ಪರ್ ಆಗಿದ್ದೆ. ಗ್ರೀಸ್ ಗನ್ ಮೊದಲು ಹಿಡಿದಿದ್ದೇ ಅಲ್ಲಿ. ಶಿಫ್ಟ್ ಶುರುವಾಗೋ ಮೊದಲು ಬೂಮ್, ಆರ್ಮ್, ಬಕೆಟ್ ಪಿನ್ನುಗಳಿಗೆಲ್ಲ ಗ್ರೀಸ್ ಆಗಬೇಕು. ಆಪರೇಟರ್ ಕಲಿಸಿದ್ದು ಒಂದೇ ಪಾಠ. "ಹಳೇದು ಪೂರಾ ಹೊರಗ ಬರೋತನಕ ಒತ್ತೋ ತಮ್ಮಾ." ಅಲ್ಲಿ ಅದು ಸರಿ. ಪಿನ್ನು ಬುಷ್ಷಿನ ಎರಡೂ ತುದಿ ತೆರೆದಿರುತ್ತದೆ. ಅದಿರಿನ ಧೂಳು ಸೇರಿದ ಕೆಂಪು ಗ್ರೀಸ್ ಹೊರಗೆ ಬೀಳಬೇಕು, ಹೊಸದು ಅಂಚಿನಲ್ಲಿ ನಿಂತು ಮತ್ತೆ ಧೂಳು ಬರದಂತೆ ತಡೆಯಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಾನು ಊರಿಗೆ ವಾಪಸ್ ಬಂದು ಮಿಲ್ ಸೇರಿದೆ. ಆ ಪಾಠವೂ ನನ್ನ ಜೊತೆ ಬಂತು.

ಮಿಲ್ಲಿನಲ್ಲಿ ಪಾಲಿಶರ್‌ಗೆ 40 ಹೆಚ್‌ಪಿ ಮೋಟಾರ್ ಇತ್ತು. ಸೋನಾ ಮಸೂರಿ ಹೊಸ ಭತ್ತ ಬರೋ ಸೀಸನ್, ಹಗಲೂ ರಾತ್ರಿ ಮಿಲ್ ಓಡುತ್ತಿತ್ತು. ಪುಲ್ಲಿ ಕಡೆಯ ಬೇರಿಂಗ್ ಮುಟ್ಟಿದೆ. ಬಿಸಿ. ಗನ್ ತಂದು ಒಂದಿಷ್ಟು ಹೊಡೆದೆ. ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದರೆ ಇನ್ನೂ ಬಿಸಿ. ಗ್ರೀಸ್ ಸಾಲಲಿಲ್ಲ ಅಂದುಕೊಂಡು ಮತ್ತೆ ಹೊಡೆದೆ. ಮರುದಿನವೂ ಅದೇ.

ಇಲ್ಲಿ ನಡೆದದ್ದೇನು ಅಂತ ನಿಧಾನಕ್ಕೆ ಹೇಳ್ತೀನಿ. ನೀವು ಸದ್ಯ ಇರೋದು ಇದೇ ಸುಳಿಯಲ್ಲಿ. ಸರಿಯಾದ ಬೇರಿಂಗಿಗೆ ಸರಿಯಾದಷ್ಟೇ ಗ್ರೀಸ್ ಹಾಕಿದರೂ ಮೊದಲ ಕೆಲವು ಗಂಟೆ ಬಿಸಿ ಏರುತ್ತದೆ. ಗುಂಡುಗಳು ಹೊಸ ಗ್ರೀಸನ್ನು ಕಲಕಿ, ಪಕ್ಕಕ್ಕೆ ತಳ್ಳಿ ಜಾಗ ಮಾಡಿಕೊಳ್ಳಬೇಕು. ಆಮೇಲೆ ತಾನಾಗಿ ಇಳಿಯುತ್ತದೆ. ನಾನು ಆ ಏರಿಕೆ ನೋಡಿ ಗ್ರೀಸ್ ಕಡಿಮೆ ಅಂತ ತಿಳಿದೆ. ಇನ್ನಷ್ಟು ಹಾಕಿದೆ. ಪಕ್ಕಕ್ಕೆ ತಳ್ಳೋಕೆ ಖಾಲಿ ಜಾಗವೇ ಉಳಿಯಲಿಲ್ಲ. ಗುಂಡುಗಳು ನಿಲ್ಲದೆ ಗ್ರೀಸ್ ಕಡೆಯುತ್ತಲೇ ಇದ್ದವು, ಆ ತಿಕ್ಕಾಟಕ್ಕೇ ಬಿಸಿ ಏರಿತು. ಬಿಸಿಗೆ ಗ್ರೀಸಿನ ಎಣ್ಣೆ ಬೇರೆಯಾಗಿ ಸೋರಿತು, ಆ ಎಣ್ಣೆ ಹಿಡಿದಿಡೋ ಸೋಪು ಮಾತ್ರ ಉಳಿದು ಗಟ್ಟಿ ಕಟ್ಟಿತು. ಈಗ ನಿಜವಾಗಿಯೂ ಎಣ್ಣೆ ಇಲ್ಲ. ಬೇರಿಂಗ್ ತುಂಬ ಗ್ರೀಸ್ ಇದ್ದೂ ಒಣಗಿದ ಬೇರಿಂಗ್! ನಾನು ಮತ್ತೆ ಗನ್ ತಂದೆ.

ಇಷ್ಟೇ ಆಗಿದ್ದರೆ ಬೇರಿಂಗ್ ಖರ್ಚಿನಲ್ಲಿ ಮುಗಿಯುತ್ತಿತ್ತು. ಬೇರಿಂಗ್ ಕೆಳಗೆ ಒಂದು ಡ್ರೈನ್ ಪ್ಲಗ್ ಇರುತ್ತದೆ, ಹಳೇ ಗ್ರೀಸ್ ಹೊರಗೆ ಹೋಗಲಿ ಅಂತ. ಅದರ ಮೇಲೆ ಯಾರೋ ಪೇಂಟ್ ಹೊಡೆದಿದ್ದರು. ಅದು ಅಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಎಕ್ಸ್‌ಕವೇಟರ್ ಪಿನ್ನಿಗೆ ಎಲ್ಲಿದೆ ಡ್ರೈನ್ ಪ್ಲಗ್? ಹೊರಗಿನ ದಾರಿ ಬಂದ್ ಆದಾಗ ಗ್ರೀಸ್ ಶಾಫ್ಟ್ ಪಕ್ಕದ ಸಂದಿಯಿಂದ ಮೋಟಾರ್ ಒಳಗೆ ಹೋಯಿತು. ವೈಂಡಿಂಗ್ ಮೇಲೆ, ಅಂದರೆ ಒಳಗಿನ ತಂತಿ ಸುರುಳಿ ಮೇಲೆ ಬಿತ್ತು. ಅದರ ಮೇಲೆ ಮಿಲ್ಲಿನ ತೌಡಿನ ಧೂಳು ಕೂತು ದಪ್ಪ ಪದರ ಆಯಿತು. ವೈಂಡಿಂಗಿನ ಬಿಸಿ ಹೊರಗೆ ಹೋಗಲಿಲ್ಲ. ಒಂದು ರಾತ್ರಿ ಸುಟ್ಟ ವಾಸನೆ ಬಂದು ಪಾಲಿಶರ್ ನಿಂತಿತು.

ಹೊರಗೆ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು. ಮೋಟಾರನ್ನು ಟಾಟಾ ಏಸ್‌ನಲ್ಲಿ ಹೇರಿಕೊಂಡು ಗಂಗಾವತಿಗೆ ಹೋದೆ. ರಿವೈಂಡಿಂಗ್ ಮಿಸ್ತ್ರಿ ಕವರ್ ಬಿಚ್ಚಿದವರೇ ನನ್ನ ಮುಖ ನೋಡಿದರು. "ಏನ್ರೀ, ಮೋಟಾರಿಗೆ ಹೋಳಿಗಿ ತುಪ್ಪ ಹಾಕಿದಂಗ ಹಾಕೀರಲ್ಲ? ಇದು ಗ್ರೀಸ್ ಇಲ್ಲದ್ದಕ್ಕ ಸುಟ್ಟಿಲ್ಲ, ಜಾಸ್ತಿ ಆಗಿ ಸುಟ್ಟೈತಿ." ಸಾಹುಕಾರರು ರಿವೈಂಡಿಂಗ್ ಖರ್ಚಿನಲ್ಲಿ ಒಂದು ಪಾಲು ನನ್ನ ಪಗಾರದಲ್ಲಿ ಹಿಡಿದರು. ತಕರಾರು ಮಾಡೋ ಮುಖ ನನಗಿರಲಿಲ್ಲ.

ಎಷ್ಟು ಹಾಕಬೇಕು ಅನ್ನೋ ಲೆಕ್ಕ ಹೇಳಿಕೊಟ್ಟವರೂ ಆ ಮಿಸ್ತ್ರಿಯೇ. ಬೇರಿಂಗಿನ ಹೊರ ವ್ಯಾಸ ಗುಣಿಸು ಅಗಲ, ಎರಡೂ ಮಿಲಿಮೀಟರಿನಲ್ಲಿ. ಅದನ್ನು 0.005ರಿಂದ ಗುಣಿಸಿದರೆ ಗ್ರಾಂ ಬರುತ್ತದೆ. ನಮ್ಮದು 6312 ನಂಬರಿನ ಬೇರಿಂಗ್. ವ್ಯಾಸ 130, ಅಗಲ 31. ಹತ್ತಿರ ಹತ್ತಿರ 20 ಗ್ರಾಂ. ಅದೂ ದಿನಾ ಅಲ್ಲ, ಸಾವಿರಾರು ಗಂಟೆ ಓಡಿದ ಮೇಲೆ ಒಂದು ಸಲ! ಮೋಟಾರಿನ ನೇಮ್ ಪ್ಲೇಟಿನಲ್ಲಿ ಅಥವಾ ಬುಕ್ಕಿನಲ್ಲಿ ಗ್ರಾಂ, ಗಂಟೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಬೇರಿಂಗ್ 70 ಡಿಗ್ರಿಗಿಂತ ಮೇಲೆ ಓಡುತ್ತಿದ್ದರೆ ಪ್ರತಿ 15 ಡಿಗ್ರಿಗೆ ಗಂಟೆಗಳನ್ನು ಅರ್ಧ ಮಾಡಬೇಕು. ಧೂಳು ಜಾಸ್ತಿ ಇದ್ದರೂ ಕಡಿಮೆ ಮಾಡಬೇಕು. ಇಷ್ಟೆಲ್ಲ ಕಡಿಮೆ ಮಾಡಿದರೂ 'ದಿನಾ ಬೆಳಿಗ್ಗೆ' ಅನ್ನೋ ಲೆಕ್ಕಕ್ಕೆ ಬರಲ್ಲ.

ಇನ್ನು ಕೈ ಇಟ್ಟು ನೋಡೋದು. 60 ಡಿಗ್ರಿ ಇದ್ದರೇ ಕೈ ನಿಲ್ಲಲ್ಲ. ಓಡೋ ಮೋಟಾರಿಗೆ ಅದು ಜ್ವರ ಅಲ್ಲ. ಬ್ಯಾಟರಿ ಗನ್ನಿನ ದುಡ್ಡಿನಲ್ಲಿ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಳ್ಳಿ, ಇನ್ನೂ ದುಡ್ಡು ಉಳಿಯುತ್ತದೆ.

ನಿಮ್ಮ ಗನ್ ಒಂದು ಪಂಪಿಗೆ ಎಷ್ಟು ಗ್ರಾಂ ಬಿಡುತ್ತದೆ ಗೊತ್ತಾ? ನನಗೂ ಗೊತ್ತಿರಲಿಲ್ಲ. ಮಿಲ್ಲಿನಲ್ಲಿ ನುಚ್ಚು ಎಷ್ಟು ಪರ್ಸೆಂಟ್ ಅಂತ ನೋಡೋಕೆ ಸಣ್ಣ ತೂಕದ ಮಷಿನ್ ಇರುತ್ತದಲ್ಲ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು 10 ಪಂಪ್ ಒತ್ತಿ ತೂಗಿ. (ಒರೆಸಿಡಿ, ಇಲ್ಲಾಂದ್ರೆ ಸ್ಯಾಂಪಲ್ ನೋಡೋರು ಬೈತಾರೆ.) ನನ್ನ ಲಿವರ್ ಗನ್ (ಹ್ಯಾಂಡಲ್ ಒತ್ತೋ ಕೈ ಗನ್) 12 ಗ್ರಾಂ ಬಿಟ್ಟಿತು. ಅಂದರೆ 20 ಗ್ರಾಂಗೆ 17 ಪಂಪ್. ಪ್ರತಿ ಗನ್ನಿನದೂ ಬೇರೆ. ಆ ನಂಬರನ್ನು ಪೇಂಟಿನಲ್ಲಿ ಗನ್ನಿನ ಮೇಲೇ ಬರೆದುಬಿಡಿ.

ಗನ್ ತಳ್ಳುತ್ತಿಲ್ಲ ಅಂದಿರಿ. ಬಹಳ ಸಲ ಅದು ಗಾಳಿ. ಡಬ್ಬಿಯಿಂದ ಕೈಯಲ್ಲಿ ತುಂಬಿದರೆ ನಡುವೆ ಗಾಳಿ ಉಳಿಯುತ್ತದೆ. ಹ್ಯಾಂಡಲ್ ಒತ್ತಿದಾಗ ಗಾಳಿ ಕುಗ್ಗುತ್ತದೆ, ಗ್ರೀಸ್ ಬರಲ್ಲ. ಗ್ರೀಸನ್ನು ಒತ್ತಿ ಒತ್ತಿ ತುಂಬಿ. ಗನ್ನಿನ ತಲೆಯನ್ನು ಪೂರ್ತಿ ಬಿಗಿ ಮಾಡದೆ ಒಂದೆರಡು ಥ್ರೆಡ್ ಬಿಡಿ. ಹಿಂದಿನ ರಾಡನ್ನು ಲಾಕ್‌ನಿಂದ ಬಿಡಿಸಿ ಒಳಗೆ ತಳ್ಳಿ. ಗಾಳಿ ಹೋಗಿ ಥ್ರೆಡ್ಡಿನಲ್ಲಿ ಗ್ರೀಸ್ ಕಂಡಾಗ ಬಿಗಿ ಮಾಡಿ. ಗಾಳಿ ಬಿಡೋ ವಾಲ್ವ್ ಇದ್ದರೆ ಇನ್ನೂ ಸುಲಭ, ಅದನ್ನೇ ಒತ್ತಿ. ಆದರೂ ಬರದಿದ್ದರೆ ತಲೆಯೊಳಗೆ ಗ್ರೀಸ್ ವಾಪಸ್ ಬರದಂತೆ ತಡೆಯೋ ಸಣ್ಣ ಚೆಕ್ ಬಾಲಿಗೆ ಕಸ ಕೂತಿರುತ್ತದೆ, ಡೀಸೆಲ್‌ನಲ್ಲಿ ತೊಳೆಯಿರಿ.

ನಿಪ್ಪಲ್ (ಮೋಟಾರಿನಲ್ಲಿ ಗನ್ ಕಚ್ಚಿಸೋ ಸಣ್ಣ ಮೂತಿ) ಪಕ್ಕದಿಂದ ಸೋರುತ್ತಿದ್ದರೆ ಗನ್ನಿನ ಬಾಯಿಯ ಕಪ್ಲರ್ ನೋಡಿ. ಒಳಗೆ ಹಲ್ಲುಗಳಿವೆ, ಹೊರಗಿನ ತೋಳನ್ನು ತಿರುಗಿಸಿದರೆ ಅವು ಬಿಗಿಯಾಗುತ್ತವೆ. ಸಡಿಲ ಇದ್ದರೆ ಸೋರುತ್ತದೆ, ಜಾಸ್ತಿ ಬಿಗಿಯಾದರೆ ನಿಪ್ಪಲ್ಲಿನಿಂದ ಬಿಡಲ್ಲ. ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ ನೋಡಿ. ಬಿಡಿಸುವಾಗ ನೇರ ಎಳೆಯಬೇಡಿ, ಓರೆ ಮಾಡಿ.

ಒಂದು ವಿಷಯದಲ್ಲಿ ತಮಾಷೆ ಬೇಡ. ಲಿವರ್ ಗನ್ 10,000 ಪಿಎಸ್‌ಐ ಒತ್ತಡದವರೆಗೂ ಹೋಗಬಲ್ಲದು. ಬೇರಿಂಗ್ ಸೀಲ್ 500 ಕೂಡ ತಾಳಲ್ಲ. ಹ್ಯಾಂಡಲ್ ಗಟ್ಟಿಯಾದರೆ ಮೈಮೇಲೆ ಬಿದ್ದು ಒತ್ತಬೇಡಿ, ನಿಪ್ಪಲ್ ಬದಲಾಯಿಸಿ. ಹಳೇ ಪೈಪನ್ನು ಬರಿಗೈಯಲ್ಲಿ ಹಿಡಿಯಬೇಡಿ. ಬಿರುಕಿನಿಂದ ಚಿಮ್ಮಿದ ಗ್ರೀಸ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ. ನೋವಿಲ್ಲ ಅಂತ ಮನೆಗೆ ಹೋದರೆ ಬೆರಳೇ ಹೋಗಬಹುದು. ತಕ್ಷಣ ಆಸ್ಪತ್ರೆಗೆ ಓಡಬೇಕು.

ಬ್ಯಾಟರಿ ಗನ್ ಕೆಟ್ಟದ್ದು ಅಂತಲ್ಲ. ಜೆಸಿಬಿ, ಟಿಪ್ಪರ್, ಭತ್ತ ಕೊಯ್ಯೋ ಮಷಿನ್ ಇರೋರಿಗೆ ಅದು ವರ. ನಿಮಗೆ ಬೇಡ, ಅಷ್ಟೇ. ಟ್ರಿಗರ್ ಹಿಡಿದರೆ ಎಷ್ಟು ಹೋಯಿತು ಅಂತ ಕೈಗೆ ತಿಳಿಯಲ್ಲ. ನಾನು ವಾರಗಟ್ಟಲೆ ಮಾಡಿದ ಅನಾಹುತವನ್ನು ನೀವು ಒಂದೇ ಬೆಳಿಗ್ಗೆ ಮಾಡಿ ಮುಗಿಸುತ್ತೀರಿ.

ನಾಳೆ ಮಾಡಬೇಕಾದ್ದು ಇಷ್ಟು. ಗನ್ ಮುಟ್ಟಬೇಡಿ. ಮೋಟಾರ್ ನಿಲ್ಲಿಸಿ ಡ್ರೈನ್ ಪ್ಲಗ್ ಹುಡುಕಿ ಬಿಚ್ಚಿ. ಗಟ್ಟಿ ಗ್ರೀಸ್ ಕಟ್ಟಿದ್ದರೆ ತಂತಿಯಿಂದ ಕೆದಕಿ ತೆಗೆಯಿರಿ. ಪ್ಲಗ್ ತೆರೆದೇ ಅರ್ಧ ಗಂಟೆ ಓಡಿಸಿ, ಹೆಚ್ಚಿನದು ತಾನಾಗಿ ಬೀಳುತ್ತದೆ. ಮತ್ತೆ ನಿಲ್ಲಿಸಿ, ಒರೆಸಿ, ಪ್ಲಗ್ ಹಾಕಿ. ಆಮೇಲೂ ಬಿಸಿ ಇಳಿಯದಿದ್ದರೆ, ಅಥವಾ ಗರಗರ ಸದ್ದು ಬಂದರೆ, ಬೆಲ್ಟ್ ಜಾಸ್ತಿ ಬಿಗಿ ಇದೆಯಾ ನೋಡಿ. ಅದೂ ಅಲ್ಲದಿದ್ದರೆ ಬೇರಿಂಗ್ ಬದಲಾಯಿಸಿ, ಗ್ರೀಸಿನಿಂದ ಅದನ್ನು ಉಳಿಸೋಕೆ ಹೋಗಬೇಡಿ. ಎರಡೂ ಕಡೆ ಮುಚ್ಚಿದ ಬೇರಿಂಗ್ ಆಗಿದ್ದರೆ, ನಂಬರಿನ ಕೊನೆಗೆ ಜೆಡ್‌ಜೆಡ್ ಅಥವಾ 2ಆರ್‌ಎಸ್ ಅಂತ ಇದ್ದರೆ, ಅದಕ್ಕೆ ಗ್ರೀಸೇ ಬೇಡ. ಅಂಥದ್ದಕ್ಕೂ ಕವರ್ ಕೊರೆದು ನಿಪ್ಪಲ್ ಕೂರಿಸಿದ ಮಹಾನುಭಾವರನ್ನು ನೋಡಿದ್ದೀನಿ.

ಬೇರಿಂಗ್ ನಂಬರ್, ನೇಮ್ ಪ್ಲೇಟಿನ ಫೋಟೋ ಹಾಕಿ. ನಿಮ್ಮ ಗನ್ 10 ಪಂಪಿಗೆ ಎಷ್ಟು ತೂಗಿತು ಅಂತಲೂ ಬರೆಯಿರಿ, ಲೆಕ್ಕ ಹಾಕಿ ಹೇಳ್ತೀನಿ.